ಬಿಲ್ಲಿಲ್ಲದ ಅಡಿಕೆ ಯಾರಿಗೆ ದಾರಿ ಮಾಡಿಕೊಡುತ್ತದೆ?

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಅಡಿಕೆ ಕೃಷಿಕರು ಮತ್ತು ಸಹಕಾರಿ ಸಂಘಗಳ ಸದಸ್ಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಜಿಎಸ್‌ಟಿ ದರ ಬದಲಾದರೆ ಅದನ್ನು ಪತ್ರಿಕೆಗಳು ತೆರಿಗೆಯ ಸುದ್ದಿಯೆಂದು ಬರೆಯುತ್ತವೆ. ಬರ್ಮಾದ ಅಡಿಕೆ ಸಿಕ್ಕಿಬಿದ್ದರೆ ಅದು ಕಳ್ಳಸಾಗಣೆಯ ಸುದ್ದಿ, ಸಹಕಾರಿ ಬ್ಯಾಂಕಿನಲ್ಲಿ ಹಣ ಸಿಗದೆ ಠೇವಣಿದಾರರು ಬಾಗಿಲಲ್ಲಿ ನಿಂತರೆ ಅದು ಬ್ಯಾಂಕಿಂಗ್ ಸುದ್ದಿ. ನಮ್ಮ ಅಂಗಳದಲ್ಲಿ ಒಣಗುವ ಚಾಲಿ ಅಡಿಕೆಗೆ ಮಾತ್ರ ಈ ಮೂರೂ ಒಟ್ಟಿಗೇ ತಾಗುತ್ತವೆ. ಆದ್ದರಿಂದ ಮೂರನ್ನೂ ಒಂದೇ ಎಳೆಯಲ್ಲಿ ನೋಡಬೇಕೆಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಬಿಲ್ಲಿಲ್ಲದೆ ಅಡಿಕೆ ಮಾರುವ ರೂಢಿಯಿಂದ ನಮಗೆ ಕಿಲೋಗೆ ನಾಲ್ಕು ಕಾಸು ಹೆಚ್ಚು ಸಿಕ್ಕಂತೆ ಕಂಡರೂ, ಹೊರದೇಶದ ಅಡಿಕೆ ಒಳಗೆ ಬರಲು ಬೇಕಾದ ದಾರಿಯನ್ನು ನಾವೇ ಸವೆಸಿ ಕೊಡುತ್ತಿದ್ದೇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ತೆರಿಗೆಯ ವಿಷಯ. 2017ರ ಜುಲೈ 1ಕ್ಕೆ ಮೊದಲು ಕೇರಳ, ಕರ್ನಾಟಕಗಳಿಗೆ ಬೇರೆ ಬೇರೆ ಮೌಲ್ಯವರ್ಧಿತ ತೆರಿಗೆ ಇತ್ತು. ಮಂಜೇಶ್ವರದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟಿನಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ಇಲ್ಲಿರುವ ಹಿರಿಯರೆಲ್ಲ ಕಂಡಿದ್ದೀರಿ. ಜಿಎಸ್‌ಟಿ ಬಂದ ಮೇಲೆ ಆ ಚೆಕ್‌ಪೋಸ್ಟ್ ಹೋಯಿತು. ಆದರೆ ತಪಾಸಣೆ ಹೋಗಲಿಲ್ಲ, ರಸ್ತೆಯಲ್ಲಿ ಆಗುತ್ತಿದ್ದದ್ದು ಕಾಗದಕ್ಕೆ ಬಂತು. 2018ರ ಏಪ್ರಿಲ್ 1ರಿಂದ, ತೆರಿಗೆಗೆ ಒಳಪಟ್ಟ ಸರಕು 50,000 ರೂಪಾಯಿಗೆ ಮೀರಿ ರಾಜ್ಯದ ಗಡಿ ದಾಟುವಾಗ ಇ-ವೇ ಬಿಲ್, ಅಂದರೆ ಸರಕು ಸಾಗಾಟದ ಆನ್‌ಲೈನ್ ರಹದಾರಿ, ಇರಬೇಕೆಂಬ ನಿಯಮ ಜಾರಿಯಾಯಿತು. ಅಡಿಕೆಗೆ ಕಿಲೋಗೆ 400 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ 125 ಕಿಲೋಗೇ ಈ ಮಿತಿ ಮುಟ್ಟುತ್ತದೆ. ಹೆಚ್ಚು ಕಡಿಮೆ ಎರಡು ಚೀಲ. ಪೆರ್ಲದಿಂದ ಸಾರಡ್ಕದ ಗಡಿ ದಾಟಿ ಕರ್ನಾಟಕದ ಅಡ್ಯನಡ್ಕ, ವಿಟ್ಲದ ಕಡೆಗೆ ಜೀಪಿನಲ್ಲಿ ನಾಲ್ಕು ಚೀಲ ಹಾಕಿಕೊಂಡು ಹೋಗುವ ಕೃಷಿಕರಿಗೆ ಇದು ದೂರದ ಮಾತಲ್ಲ.

ಇಲ್ಲಿ ಒಂದು ಭಯವನ್ನು ಬಿಡಿಸಬೇಕಾಗಿದೆ. ಸ್ವಂತ ಭೂಮಿಯಲ್ಲಿ ಬೆಳೆದದ್ದನ್ನು ಮಾರುವ ಕೃಷಿಕ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 23ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ, ಮಾರಾಟದ ಮೊತ್ತ ಎಷ್ಟಾದರೂ ಸರಿ. ಒಣ ಅಡಿಕೆಗೆ ತೆರಿಗೆ ಶೇಕಡಾ 5, ಹಸಿ ಅಡಿಕೆಗೆ ಇಲ್ಲ. ನಿಮ್ಮಿಂದ ಕೊಂಡ ನೋಂದಾಯಿತ ವ್ಯಾಪಾರಿ ಅಥವಾ ಕ್ಯಾಂಪ್ಕೋದಂಥ ಬೆಳೆಗಾರರ ಸಹಕಾರಿ ಸಂಸ್ಥೆ ಮುಂದಕ್ಕೆ ಮಾರುವಾಗ ಆ 5ನ್ನು ವಸೂಲು ಮಾಡಿ ಕಟ್ಟುತ್ತದೆ. ಕೊಳ್ಳುವವರು ಯಾರೆಂಬುದು ಸಾಗಾಟಕ್ಕೆ ಮೊದಲೇ ಗೊತ್ತಿದ್ದು ಅವರು ನೋಂದಾಯಿತರಾಗಿದ್ದರೆ, ಸರಕನ್ನು ಸಾಗಿಸಿದವರು ಅವರೇ ಎಂದು ನಿಯಮ ಪರಿಗಣಿಸುತ್ತದೆ, ಹಾಗಾಗಿ ಇ-ವೇ ಬಿಲ್ಲಿನ ಹೊಣೆಯೂ ಅವರದೇ. ಗೇರುಬೀಜದ ಕ್ರಮ ಸ್ವಲ್ಪ ಬೇರೆ: ಸಿಪ್ಪೆ ಸಹಿತವಾದ ಗೇರುಬೀಜವನ್ನು ಕೃಷಿಕರಿಂದ ಕೊಂಡ ನೋಂದಾಯಿತ ವ್ಯಾಪಾರಿ, ಕೃಷಿಕರ ಬದಲಿಗೆ ತಾನೇ ತೆರಿಗೆ ಕಟ್ಟಬೇಕು. ಅಡಿಕೆ ಆ ಪಟ್ಟಿಯಲ್ಲಿಲ್ಲ. ಇನ್ನು ನಮ್ಮ ಅಡಿಕೆ ಮರಕ್ಕೇ ಹಬ್ಬುವ ಕರಿಮೆಣಸಿನ ಮಾತು. ಒಣಗಿಸಿದ ಮೆಣಸನ್ನು ಕೃಷಿಕ ಮಾರಿದರೆ ತೆರಿಗೆ ಇದೆಯೇ ಎಂಬ ಗೊಂದಲ ವರ್ಷಗಟ್ಟಲೆ ಇತ್ತು. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ನಡೆದ 55ನೇ ಜಿಎಸ್‌ಟಿ ಮಂಡಳಿ ಸಭೆ, ಹಸಿಯಾಗಲಿ ಒಣಗಿದ್ದಾಗಲಿ, ಕೃಷಿಕರೇ ಮಾರಿದ ಮೆಣಸಿಗೆ ತೆರಿಗೆ ಇಲ್ಲ ಎಂದು ಸ್ಪಷ್ಟಪಡಿಸಿತು. ಯಾರಾದರೂ ಮೆಣಸಿನ ಹಣದಲ್ಲಿ ಜಿಎಸ್‌ಟಿ ಎಂದು ಕಡಿತ ಮಾಡಿದರೆ ಯಾವ ನಿಯಮದ ಪ್ರಕಾರ ಎಂದು ಕೇಳಿ.

ಆದರೆ ನೋಂದಣಿ ಇಲ್ಲದಿರುವುದಕ್ಕೆ ಒಂದು ನಷ್ಟವೂ ಇದೆ. ಬೋರ್ಡೋ ದ್ರಾವಣಕ್ಕೆ ಕೊಂಡ ಮೈಲುತುತ್ತು, ಪಂಪಿನ ರಿಪೇರಿ, ಗೊಬ್ಬರ, ಇವುಗಳ ಮೇಲೆ ನೀವು ತೆತ್ತ ತೆರಿಗೆ ಹಿಂದೆ ಬರುವುದಿಲ್ಲ. ನೋಂದಾಯಿತ ವ್ಯಾಪಾರಿಗೆ ಸಿಗುವ ಹೂಡುವಳಿ ತೆರಿಗೆಯ ಜಮೆ ನಮಗಿಲ್ಲ, ಅದು ನಮ್ಮ ಉತ್ಪಾದನಾ ವೆಚ್ಚದಲ್ಲೇ ಸೇರಿಹೋಗುತ್ತದೆ. ಹೀಗಾಗಿ ಕೃಷಿ ಸಾಮಗ್ರಿಗಳ ತೆರಿಗೆ ದರ ಇಳಿದರೆ ಅದು ನೇರವಾಗಿ ನಮಗೆ ಆಗುವ ಉಪಕಾರ. 2025ರ ಸೆಪ್ಟೆಂಬರ್ 3ರಂದು 56ನೇ ಮಂಡಳಿ ಸಭೆ ಕೈಗೊಂಡು ಅದೇ ತಿಂಗಳ 22ರಿಂದ ಜಾರಿಯಾದ ನಿರ್ಧಾರವನ್ನು ನಾನು ಈ ಕಾರಣಕ್ಕೇ ಮೆಚ್ಚುತ್ತೇನೆ. 12 ಮತ್ತು 28ರ ಹಂತಗಳು ಹೋಗಿ 5, 18 ಉಳಿದವು, ಕೆಲವು ಸರಕುಗಳಿಗೆ 40 ಬಂತು. ಹನಿ ನೀರಾವರಿ ಮತ್ತು ತುಂತುರು ನೀರಾವರಿಯ ಸಾಧನಗಳು, ಟ್ರ್ಯಾಕ್ಟರ್, ಹಲವು ಕೃಷಿ ಯಂತ್ರಗಳು 12ರಿಂದ 5ಕ್ಕೆ ಇಳಿದವು. ಸಿಮೆಂಟು 28ರಿಂದ 18ಕ್ಕೆ ಬಂತು. ವೈಯಕ್ತಿಕ ಆರೋಗ್ಯ ವಿಮೆ ಮತ್ತು ಜೀವ ವಿಮೆಯ ಮೇಲಿನ ತೆರಿಗೆ ಪೂರ್ತಿಯಾಗಿ ಹೋಯಿತು. ಅಂಗಡಿಯವರು ಹಳೆಯ ದರದಲ್ಲಿ ಬಿಲ್ ಮಾಡಿದ್ದಾರೆಯೇ ಎಂದು ನೋಡಬೇಕಾದರೂ ಕೈಯಲ್ಲಿ ಬಿಲ್ ಇರಬೇಕಲ್ಲವೇ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕೃಷಿಕರಿಗೆ ಜಿಎಸ್‌ಟಿ ಇಲ್ಲ, ವ್ಯಾಪಾರಿಗೆ ಬರೀ 5. ಹಾಗಿದ್ದರೆ ಬಿಲ್ಲಿಲ್ಲದ ಅಡಿಕೆಗೆ ಅಷ್ಟೊಂದು ಬೇಡಿಕೆ ಯಾಕೆ? ಆ ಐದು ಪರ್ಸೆಂಟನ್ನು ಉಳಿಸುವುದಕ್ಕೆ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ನಿಜವಾದ ಕಾರಣ ಸರಪಳಿಯ ಇನ್ನೊಂದು ತುದಿಯಲ್ಲಿದೆ. ನಮ್ಮ ಅಡಿಕೆಯ ದೊಡ್ಡ ಪಾಲು ಉತ್ತರ ಭಾರತಕ್ಕೆ ಹೋಗುತ್ತದೆ, ಅದರಲ್ಲಿ ಬಹಳಷ್ಟು ಪಾನ್ ಮಸಾಲಕ್ಕೆ ಸೇರುತ್ತದೆ. ಪಾನ್ ಮಸಾಲದ ಮೇಲೆ ಜಿಎಸ್‌ಟಿಯ ಮೊದಲ ದಿನದಿಂದಲೂ 28ರ ತೆರಿಗೆಯ ಜತೆಗೆ ಪರಿಹಾರ ಸೆಸ್ ಎಂಬ ಭಾರೀ ಹೆಚ್ಚುವರಿ ಕರ ಇತ್ತು. ಎಷ್ಟು ಪಾನ್ ಮಸಾಲ ತಯಾರಾಯಿತು ಎಂಬುದನ್ನು ಮರೆಸಬೇಕಾದರೆ ಎಷ್ಟು ಅಡಿಕೆ ಕೊಂಡದ್ದು ಎಂಬುದನ್ನೂ ಮರೆಸಲೇಬೇಕು. ಕಾರ್ಖಾನೆಯ ಪುಸ್ತಕದಲ್ಲಿ ನೂರು ಚೀಲ ಅಡಿಕೆ ಕಂಡರೆ ನೂರು ಚೀಲದಿಂದ ಆಗಬೇಕಾದ ಸರಕಿಗೆ ತೆರಿಗೆ ಅಧಿಕಾರಿ ಲೆಕ್ಕ ಕೇಳುತ್ತಾರೆ. ಆದ್ದರಿಂದ ಬಿಲ್ಲಿಲ್ಲದ ಅಡಿಕೆಗೆ ಕೊಂಚ ಹೆಚ್ಚು ಬೆಲೆ ಕೊಡಲು ಅವರು ಸಿದ್ಧರಿರುತ್ತಾರೆ. ನಮ್ಮ ಪೇಟೆಯಲ್ಲಿ ಬಿಲ್ಲಿನ ದರ ಒಂದು, ಬಿಲ್ಲಿಲ್ಲದ ದರ ಇನ್ನೊಂದು ಇರುವುದರ ಮೂಲ ಇದು.

ಈ ಗಂಟನ್ನು ಬಿಡಿಸಲು 2025ರ ಡಿಸೆಂಬರಿನಲ್ಲಿ ಸಂಸತ್ತು ಒಂದು ಹೊಸ ಸೆಸ್ ಕಾಯ್ದೆಯನ್ನು ಅಂಗೀಕರಿಸಿತು. 2026ರ ಫೆಬ್ರವರಿ 1ರಿಂದ ಪಾನ್ ಮಸಾಲಕ್ಕೆ 40ರ ಜಿಎಸ್‌ಟಿ, ಅದರ ಮೇಲೆ ಸೆಸ್. ಆ ಸೆಸ್ಸನ್ನು ಮಾರಾಟದ ಮೇಲಲ್ಲ, ಪ್ಯಾಕಿಂಗ್ ಯಂತ್ರದ ಸಾಮರ್ಥ್ಯದ ಮೇಲೆ ಹಾಕುತ್ತಾರೆ. ಯಂತ್ರ ಎಷ್ಟು ವೇಗವಾಗಿ ಓಡಬಲ್ಲದು, ಪೊಟ್ಟಣದ ತೂಕ ಎಷ್ಟು ಎಂಬುದರ ಮೇಲೆ ಹಣ ನಿಗದಿಯಾಗುತ್ತದೆ. ತಯಾರಾದದ್ದನ್ನು ಅಡಗಿಸಿದರೂ ಸೆಸ್ ತಪ್ಪುವುದಿಲ್ಲವಾದ್ದರಿಂದ, ಅಡಿಕೆಯ ಖರೀದಿಯನ್ನು ಅಡಗಿಸುವ ಲಾಭವೂ ಕಡಿಮೆಯಾಗಬೇಕು. ತಂಬಾಕು ಸೇರಿದ ಸರಕುಗಳ ಆರೋಗ್ಯದ ಪ್ರಶ್ನೆ ಬೇರೆಯೇ ಇದೆ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ತೆರಿಗೆಯ ದೃಷ್ಟಿಯಿಂದ ನೋಡಿದರೆ, ಬಿಲ್ ಕೇಳುವ ಕೃಷಿಕರ ಪರವಾಗಿ ಬಂದ ಬದಲಾವಣೆ ಇದು.

ಇದೇ ದಾರಿಯಲ್ಲಿ ಹೊರದೇಶದ ಅಡಿಕೆ ಹೇಗೆ ಬರುತ್ತದೆ ನೋಡೋಣ. ಅಡಿಕೆಯ ಮೇಲಿನ ಮೂಲ ಕಸ್ಟಮ್ಸ್ ಸುಂಕ ಶೇಕಡಾ 100. ಅದಲ್ಲದೆ ಕನಿಷ್ಠ ಆಮದು ಬೆಲೆ ಎಂಬ ತಡೆಯೂ ಇದೆ. 2017ರಲ್ಲಿ ಅದನ್ನು ಕಿಲೋಗೆ 251 ರೂಪಾಯಿಗೆ ಏರಿಸಿದ್ದರು, 2023ರ ಫೆಬ್ರವರಿಯಲ್ಲಿ 351 ಮಾಡಿದರು. ನಮ್ಮ ಬಂದರಿಗೆ ಮುಟ್ಟುವಾಗಿನ ಬೆಲೆ ಇದಕ್ಕಿಂತ ಕಡಿಮೆ ಇದ್ದರೆ ಆಮದು ನಿಷಿದ್ಧ. 351ಕ್ಕೆ 100ರ ಸುಂಕ ಸೇರಿದರೆ 702 ಆಗುತ್ತದೆ, ಉಳಿದ ಕರಗಳು ಅದರ ಮೇಲೆ. ನ್ಯಾಯವಾಗಿ ತರಿಸಿದ ಅಡಿಕೆ ಈ ಬೆಲೆಗೆ ಬಂದು ನಮ್ಮ ಚಾಲಿಯೊಡನೆ ಪೈಪೋಟಿ ಮಾಡಲು ಆಗುವುದೇ ಇಲ್ಲ. ಹಾಗಾಗಿ ಬರುವ ಅಡಿಕೆ ಬೇರೆ ಮೂರು ದಾರಿ ಹುಡುಕುತ್ತದೆ.

ಒಂದು, ಒಪ್ಪಂದಗಳ ದಾರಿ. ಶ್ರೀಲಂಕಾದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಿಂದ ಜಾರಿಯಲ್ಲಿದೆ, ಅಲ್ಲಿ ಬೆಳೆದ ಅಡಿಕೆ ಸುಂಕವಿಲ್ಲದೆ ಬರಬಹುದು. ಅಲ್ಲಿ ಬೆಳೆಯದ, ಇಂಡೋನೇಷ್ಯದಂಥ ಕಡೆಯಿಂದ ಬಂದ ಅಡಿಕೆಗೆ ಶ್ರೀಲಂಕಾದ ಮೂಲಪತ್ರ (ಸರಕು ಯಾವ ದೇಶದ್ದೆಂದು ಹೇಳುವ ಪ್ರಮಾಣಪತ್ರ) ಹಚ್ಚಿ ಕಳುಹಿಸುತ್ತಾರೆಂಬುದು ನಮ್ಮ ಬೆಳೆಗಾರರ ಬಹುಕಾಲದ ದೂರು. ಇಲ್ಲಿ ಕನಿಷ್ಠ ಆಮದು ಬೆಲೆಯ ಒಂದು ದೌರ್ಬಲ್ಯವನ್ನು ನೀವು ಗಮನಿಸಬೇಕು. ನಿಜವಾದ ಬೆಲೆ ಕಿಲೋಗೆ 150 ರೂಪಾಯಿ ಇದೆ ಎಂದು ಊಹಿಸಿಕೊಳ್ಳಿ. ಸುಂಕ ಶೂನ್ಯವಾಗಿದ್ದರೆ ಆಮದುದಾರ ಅದನ್ನು 351 ಎಂದು ಬರೆಸಿದರೂ ಕಸ್ಟಮ್ಸ್ ಸುಂಕವಾಗಿ ಅವನಿಗೆ ಒಂದು ಪೈಸೆಯೂ ಹೆಚ್ಚು ಬೀಳುವುದಿಲ್ಲ. ಮಿಕ್ಕ 201 ರೂಪಾಯಿ ಬ್ಯಾಂಕಿನ ಮೂಲಕವೇ, ಸಕ್ರಮ ಪಾವತಿಯ ವೇಷದಲ್ಲಿ ದೇಶದ ಹೊರಗೆ ಹೋಗುತ್ತದೆ. ಬೆಲೆಯ ಗೋಡೆ ಎತ್ತರಿಸಿದಷ್ಟೂ ಹಣ ಸಾಗಿಸುವವನಿಗೆ ಅನುಕೂಲವೇ ಆಯಿತು. ಆದ್ದರಿಂದಲೇ ಬೆಲೆಯ ತಡೆಗಿಂತ ಮೂಲದ ಪರೀಕ್ಷೆ ಹೆಚ್ಚು ಮುಖ್ಯ ಎಂದು ನಾನು ಹೇಳುವುದು. 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಕಸ್ಟಮ್ಸ್ ನಿಯಮಗಳ ಪ್ರಕಾರ, ಬರೀ ಮೂಲಪತ್ರ ತೋರಿಸಿದರೆ ಸಾಲದು, ಸರಕು ಆ ದೇಶದಲ್ಲೇ ಆದದ್ದೆಂಬ ಮಾಹಿತಿಯನ್ನು ಆಮದುದಾರನೇ ಇಟ್ಟುಕೊಂಡಿರಬೇಕು. ಬೆಳೆಗಾರರ ಸಂಘಟನೆಗಳು ಮನವಿ ಬರೆಯುವಾಗ 351ನ್ನು ಇನ್ನಷ್ಟು ಏರಿಸಿ ಎನ್ನುವುದರ ಜತೆಗೆ, ಈ ನಿಯಮದ ಕೆಳಗೆ ಎಷ್ಟು ಪರಿಶೀಲನೆ ನಡೆಯಿತು ಎಂದೂ ಕೇಳಬೇಕು.

ಎರಡನೆಯದು ಹೆಸರು ಬದಲಿಸುವ ದಾರಿ. ಅಡಿಕೆಯನ್ನು ಹುರಿದು, ಅದು ಹಣ್ಣುಕಾಯಿಗಳ ತಯಾರಿತ ಉತ್ಪನ್ನಗಳ ಅಧ್ಯಾಯಕ್ಕೆ ಸೇರಿದ್ದೆಂದು ತೋರಿಸಿ ಕನಿಷ್ಠ ಬೆಲೆಯಿಂದ ತಪ್ಪಿಸಿಕೊಳ್ಳುತ್ತಿದ್ದರು. 2025ರ ಏಪ್ರಿಲಿನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹುರಿದ ಅಡಿಕೆಗೂ 351ರ ಮಿತಿ ಹಾಕಿತು. ಇದು ಬಹಳ ತಡವಾಗಿ ಬಂದರೂ ಸರಿಯಾದ ಕ್ರಮ. ಭೂತಾನಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಅದು ನಮ್ಮ ಸಭೆಗಳಲ್ಲಿ ಹೆಚ್ಚು ಬಿಸಿ ಹುಟ್ಟಿಸುವ ವಿಷಯ. 2022ರ ಸೆಪ್ಟೆಂಬರಿನ ಆದೇಶದಂತೆ ವರ್ಷಕ್ಕೆ 17,000 ಟನ್ ಹಸಿ ಅಡಿಕೆ, ಪಶ್ಚಿಮ ಬಂಗಾಳದ ಜೈಗಾಂವ್ ಮೂಲಕ ಕನಿಷ್ಠ ಬೆಲೆಯ ಷರತ್ತಿಲ್ಲದೆ ಬರಬಹುದು. ದೇಶದ ಉತ್ಪಾದನೆ ಹತ್ತು ಲಕ್ಷ ಟನ್ನಿಗೂ ಮೇಲಿರುವಾಗ ಇದರಿಂದ ಬೆಲೆ ಬಿದ್ದಿತು ಎನ್ನುವುದು ಅತಿಯಾದ ಮಾತು. ಆ ಪ್ರಮಾಣದ ಮರೆಯಲ್ಲಿ ಬೇರೆ ಅಡಿಕೆ ಸೇರಿ ಬರುವುದೇ ನಿಜವಾದ ಆತಂಕ.

ಮೂರನೆಯದು ಮ್ಯಾನ್ಮಾರ್ ಗಡಿಯ ಕಳ್ಳದಾರಿ. ಮಿಜೋರಾಮಿನ ಚಂಫಾಯಿ, ಮಣಿಪುರದ ಮೋರೆ ಕಡೆಯಿಂದ ಒಳಬಂದು ಅಸ್ಸಾಂ ಮೂಲಕ ದೇಶವೆಲ್ಲ ಹರಡುವ ಈ ಅಡಿಕೆಗೆ ಯಾವ ಸುಂಕವೂ ಇಲ್ಲ, ಮೂಲಪತ್ರವೂ ಇಲ್ಲ. ಗಡಿ ದಾಟಿದ ಮೇಲೆ ಅದಕ್ಕೆ ಬೇಕಾದದ್ದು ಒಂದೇ, ಯಾರೂ ಎಲ್ಲಿಯದೆಂದು ಕೇಳದ ಮಾರುಕಟ್ಟೆ. ಅದನ್ನು ತಯಾರಿಸಿ ಕೊಟ್ಟವರು ಯಾರು? ಕಾಸರಗೋಡಿನ ಚಾಲಿ, ಪುತ್ತೂರಿನ ಚಾಲಿ ಬಿಲ್ಲಿಲ್ಲದೆ ಲಾರಿ ಹತ್ತುವುದು ಮಾಮೂಲಾಗಿರುವಾಗ ಬರ್ಮಾದ ಅಡಿಕೆಯನ್ನು ಬೇರ್ಪಡಿಸಿ ಹಿಡಿಯುವುದು ಅಧಿಕಾರಿಗೆ ಸಾಧ್ಯವಿಲ್ಲ. ಪ್ರತಿಯೊಂದು ಚೀಲವೂ ಇಂಥ ಕೃಷಿಕರಿಂದ ಇಂಥ ದಿನ ಕೊಂಡದ್ದೆಂಬ ಚೀಟಿಯೊಂದಿಗೆ ಹೊರಟರೆ, ಚೀಟಿ ಇಲ್ಲದ ಚೀಲ ತಾನಾಗಿ ಎದ್ದು ಕಾಣುತ್ತದೆ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ ಕ್ಯಾಂಪ್ಕೋವನ್ನು ಕಟ್ಟಿದ್ದು ಬೆಲೆ ಕುಸಿತದಿಂದ ಪಾರಾಗುವುದಕ್ಕೆ. ಗಡಿಯ ಎರಡು ಬದಿಗೂ ಒಂದೇ ಸಂಸ್ಥೆ ಬಿಲ್ ಕೊಟ್ಟು ಕೊಳ್ಳುವ ಏರ್ಪಾಡು ಇಂದು ಆಮದಿನ ವಿರುದ್ಧವೂ ನಮಗೆ ರಕ್ಷಣೆಯಾಗಬಲ್ಲದು.

ಬಿಲ್ಲಿಲ್ಲದೆ ಮಾರಿದ ಹಣ ನಗದಾಗಿ ಬರುತ್ತದೆ, ಅಲ್ಲಿಂದ ಬ್ಯಾಂಕಿನ ಪ್ರಶ್ನೆ ಶುರು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಆ ವಿನಾಯಿತಿ ಮುಂದುವರಿದಿದೆ. ಆದರೆ ಒಬ್ಬರಿಂದ ಒಂದೇ ದಿನ, ಅಥವಾ ಒಂದೇ ವ್ಯವಹಾರಕ್ಕೆ, 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಬಾರದೆಂಬ 2017ರ ನಿಯಮ ಕೃಷಿಕರಿಗೂ ಅನ್ವಯಿಸುತ್ತದೆ. ತಪ್ಪಿದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಎರಡು ಲಕ್ಷಕ್ಕಿಂತ ಕಡಿಮೆಯ ನಗದು ಮಾರಾಟದಲ್ಲಿ ಕೃಷಿಕರಿಗೆ ತೊಂದರೆ ಇಲ್ಲವೆಂದು 2017ರ ನವೆಂಬರಿನಲ್ಲೇ ನೇರ ತೆರಿಗೆ ಮಂಡಳಿ ತಿಳಿಸಿದೆ. ನಾನು ಆಗ ಹಿಡಿದ 400ರ ದರದಲ್ಲಿ ಐದು ಕ್ವಿಂಟಲಿಗೇ 2 ಲಕ್ಷ ಮುಟ್ಟುತ್ತದೆ. ತೆರಿಗೆಯೇ ಇಲ್ಲದ ನಿಮ್ಮ ನ್ಯಾಯವಾದ ಹಣವನ್ನು ದಂಡದ ಬಾಯಿಗೆ ಯಾಕೆ ಕೊಡಬೇಕು?

ನಾವು ಇರುವುದು ಬ್ಯಾಂಕುಗಳು ಹುಟ್ಟಿದ ನೆಲದಲ್ಲಿ. ಕಾಸರಗೋಡು 1956ರ ವರೆಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ದಿನಕ್ಕೆ ಎರಡಾಣೆ ಮನೆಬಾಗಿಲಿಗೆ ಬಂದು ಪಡೆಯುವ ಪಿಗ್ಮಿ ಠೇವಣಿಯನ್ನು ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಬಂಡವಾಳದ ಬಲ ಬಂದಿರಬಹುದು. ಆದರೆ ತೋಟವನ್ನೂ ಮನೆತನವನ್ನೂ ತಿಳಿದು ಸಾಲ ಕೊಡುತ್ತಿದ್ದ ಮ್ಯಾನೇಜರರ ಬದಲು ಈಗ ಖಾತೆಯ ವಹಿವಾಟೇ ನಮ್ಮ ಪರಿಚಯಪತ್ರ. ಅಡಿಕೆಯ ಹಣ ಖಾತೆಗೆ ಬಾರದಿದ್ದರೆ ಆ ಪತ್ರ ಖಾಲಿ. 2025ರ ಜನವರಿಯಿಂದ ಅಡಮಾನವಿಲ್ಲದ ಕೃಷಿ ಸಾಲದ ಮಿತಿ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿದೆ. ಅದನ್ನು ಪಡೆಯಲು ಹೋದಾಗ ಇದರ ಅರ್ಥ ತಿಳಿಯುತ್ತದೆ.

ಠೇವಣಿಯ ಸುರಕ್ಷತೆಯ ಬಗ್ಗೆ ನಾನು ಇಂದು ಹೆಚ್ಚು ಒತ್ತಿ ಹೇಳಬೇಕಾಗಿದೆ. 2020ರ ಫೆಬ್ರವರಿ 4ರಿಂದ ಬ್ಯಾಂಕ್ ಠೇವಣಿಯ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದ ಬ್ಯಾಂಕಿನ ಠೇವಣಿದಾರರಿಗೆ 90 ದಿನಗಳೊಳಗೆ ಆ ಹಣ ಸಿಗಬೇಕೆಂಬ ತಿದ್ದುಪಡಿ 2021ರಲ್ಲಿ ಬಂತು. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳ ಖಾತೆ ಸೇರಿ, ಅಸಲು ಬಡ್ಡಿ ಕೂಡಿ 5 ಲಕ್ಷ. ನಮ್ಮ ಪಂಚಾಯತುಗಳಲ್ಲಿರುವ ಸೇವಾ ಸಹಕಾರಿ ಬ್ಯಾಂಕುಗಳು ಕಾಯ್ದೆಯ ಪ್ರಕಾರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು. ಅವುಗಳ ಠೇವಣಿಗೆ ಈ ವಿಮೆ ಇಲ್ಲ. 2020ರ ಬ್ಯಾಂಕಿಂಗ್ ತಿದ್ದುಪಡಿ ಅವನ್ನು ರಿಸರ್ವ್ ಬ್ಯಾಂಕಿನ ನಿಯಂತ್ರಣದಿಂದ ಹೊರಗಿಟ್ಟಿತು, ಆದರೆ ಬ್ಯಾಂಕ್ ಎಂಬ ಹೆಸರು ಬಳಸಬಾರದೆಂಬ ಷರತ್ತು ಹಾಕಿತು. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಸಾರ್ವಜನಿಕರಿಗೆ ಎಚ್ಚರಿಕೆಯನ್ನೂ ಕೊಟ್ಟಿತು, ಕೇರಳ ಅದನ್ನು ವಿರೋಧಿಸಿತು. ಹಳ್ಳಿಯ ಸಹಕಾರಿ ಸಂಘಗಳು ನಮ್ಮ ಬೆನ್ನೆಲುಬು, ಅವು ದುರ್ಬಲವಾಗಬೇಕೆಂದು ನಾನು ಎಂದೂ ಬಯಸಲಾರೆ. ತ್ರಿಶೂರಿನ ಕರುವನ್ನೂರು ಸೇವಾ ಸಹಕಾರಿ ಬ್ಯಾಂಕಿನಲ್ಲಿ 2021ರಲ್ಲಿ ಬೆಳಕಿಗೆ ಬಂದ ಹಗರಣದಲ್ಲಿ ಜೀವಮಾನದ ಉಳಿತಾಯ ಸಿಕ್ಕಿಬಿದ್ದವರ ಸಂಕಟವನ್ನು ಕಂಡ ಮೇಲೆ ಸುಮ್ಮನಿರುವುದೂ ಸರಿಯಲ್ಲ. ಕೇರಳದಲ್ಲಿ ಸಹಕಾರಿ ಠೇವಣಿಗೆ ರಾಜ್ಯದ್ದೇ ಖಾತರಿ ನಿಧಿ ಇದೆ. ನಿಮ್ಮ ಸಂಘ ಅದರಲ್ಲಿ ಸೇರಿದೆಯೇ, ವಂತಿಗೆ ಕಟ್ಟಿದೆಯೇ, ಎಷ್ಟು ಮೊತ್ತಕ್ಕೆ ಖಾತರಿ ಇದೆ ಎಂದು ಮಹಾಸಭೆಯಲ್ಲಿ ಕಾರ್ಯದರ್ಶಿಗಳನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಕೇಳುವುದು ಅವಿಶ್ವಾಸವಲ್ಲ, ನೀವು ಅದರ ಸದಸ್ಯರು.

ಇತ್ತೀಚಿನ ಎರಡು ಬದಲಾವಣೆಗಳು ಪ್ರತಿ ಮನೆಗೂ ಉಪಯೋಗ. 2025ರ ನವೆಂಬರ್ 1ರಿಂದ ಒಂದು ಠೇವಣಿ ಖಾತೆಗೆ ನಾಲ್ವರ ವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಯಾರಿಗೆ ಶೇಕಡಾ ಎಷ್ಟು ಎಂದು ಹಂಚಬಹುದು, ಇಲ್ಲವೇ ಒಬ್ಬರ ನಂತರ ಒಬ್ಬರೆಂದು ಬರೆಸಬಹುದು. ಲಾಕರಿಗೆ ಮಾತ್ರ ಒಬ್ಬರ ನಂತರ ಒಬ್ಬರು ಎಂಬ ಕ್ರಮವೇ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವವರು ಅಷ್ಟೇ, ವಾರಸುದಾರರ ಹಕ್ಕು ಅದರಿಂದ ಅಳಿಯುವುದಿಲ್ಲ. ಮಕ್ಕಳು ಗಲ್ಫಿನಲ್ಲಿ, ಬೆಂಗಳೂರಿನಲ್ಲಿ ಇರುವ ಮನೆಗಳಲ್ಲಿ ಹತ್ತು ವರ್ಷ ಮುಟ್ಟದ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತವೆ. 2023ರಲ್ಲಿ ಆರಂಭವಾದ ಉದ್ಗಮ್ ಜಾಲತಾಣದಲ್ಲಿ ಹೆಸರು ಹಾಕಿ ಅಂಥವನ್ನು ಹುಡುಕಬಹುದು. ಎರಡನೆಯದು ಚಿನ್ನದ ಅಡವು. 2025ರ ಜೂನಿನ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ ಮನೆಖರ್ಚಿಗೆಂದು ಪಡೆಯುವ ಸಾಲ 2.5 ಲಕ್ಷದೊಳಗಿದ್ದರೆ ಚಿನ್ನದ ಮೌಲ್ಯದ ಶೇಕಡಾ 85ರ ವರೆಗೆ ಕೊಡಬಹುದು. ಸಾಲ ತೀರಿಸಿ ಏಳು ಕೆಲಸದ ದಿನಗಳೊಳಗೆ ಚಿನ್ನ ಹಿಂದೆ ಕೊಡದಿದ್ದರೆ, ತಡವಾದದ್ದು ಸಾಲ ಕೊಟ್ಟವರ ತಪ್ಪಾಗಿದ್ದರೆ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಇವನ್ನೆಲ್ಲ ತುಂಬಬೇಕಾದ ಅರ್ಜಿಗಳ ಭಾಷೆಯ ಬಗ್ಗೆ ಸಭಿಕರೊಬ್ಬರು ಕೇಳಿದ್ದಾರೆ. ಅರ್ಜಿಗಳು ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ಕೇರಳದ ಶಾಖೆಗಳಲ್ಲಿ ಆ ಮೂರನೆಯ ಜಾಗಕ್ಕೆ ಮಲಯಾಳ ಬರುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಬಲ್ಲ ಹಿರಿಯರು ಓದಲಾಗದ ಕಾಗದಕ್ಕೆ ಸಹಿ ಹಾಕುವ ಸ್ಥಿತಿ ಇದೆ. ಅದೇ ಬ್ಯಾಂಕಿನ ಕನ್ನಡ ಅರ್ಜಿ ತಲಪಾಡಿ ಗಡಿಯ ಆಚೆಗೆ ಕರ್ನಾಟಕದಲ್ಲಿ ಅಚ್ಚಾಗಿ ಸಿದ್ಧವಿರುವಾಗ ಅದನ್ನು ಇಲ್ಲಿಗೂ ತರಿಸಿ ಎಂದು ಶಾಖೆಗೆ ಬರೆದು ಕೊಡಿ. ಬ್ಯಾಂಕಿನ ಸೇವೆಯ ದೂರಿಗೆ ಮೊದಲು ಶಾಖೆಯಲ್ಲೇ ಲಿಖಿತವಾಗಿ ಕೊಟ್ಟು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಇಂಥ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಬರೆಯಬಹುದು. 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿ ಮಾತನಾಡುವವರೂ ಸಿಗುತ್ತಾರೆ. ಸೇವಾ ಸಹಕಾರಿ ಬ್ಯಾಂಕುಗಳ ದೂರು ಅಲ್ಲಿಗೆ ಸಲ್ಲುವುದಿಲ್ಲ, ಅದನ್ನು ರಾಜ್ಯದ ಸಹಕಾರ ಇಲಾಖೆಯ ರಿಜಿಸ್ಟ್ರಾರ್ ಕಚೇರಿಗೆ ಕೊಡಬೇಕು.